ಕಾರಣಗಳ ಪಟ್ಟಿಯ ಕೊನೆಯ ಸಾಲು

ವೈರಸ್ ಇರಲಿಲ್ಲ.

ಇಷ್ಟು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು. ಸಿರುಗುಪ್ಪದ ಜೋಡೆತ್ತು ಡಿಟಿಪಿ ಸೆಂಟರಿನ ಕಂಪ್ಯೂಟರಿನಲ್ಲಿ ಇದ್ದದ್ದನ್ನೆಲ್ಲ ಅಳಿಸಿದವನು ನಾನು — ಬಳ್ಳಾರಿಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ಶರಣಪ್ಪ, ಗಿರಾಕಿಗಳ ಬಾಯಲ್ಲಿ ಶರಣಣ್ಣ. ಅಳಿಸಿದ್ದು ಕೈತಪ್ಪಿ. ಸುಳ್ಳು ಹೇಳಿದ್ದು ಮಾತ್ರ ಕೈತಪ್ಪಿ ಅಲ್ಲ. ಅದನ್ನು ಚೆನ್ನಾಗಿ ಯೋಚಿಸಿ, ಚಹಾ ಕುಡಿದು, ಬಸ್ಸು ಹತ್ತಿ ಹೋಗಿ ಹೇಳಿದೆ.

ಈಗ ಯಾಕೆ ಬಾಯಿ ಬಿಡುತ್ತಿದ್ದೇನೆ ಎಂದರೆ, ಅಂಗಡಿಗೆ ಒಂದು ಸಾಫ್ಟ್‌ವೇರ್ ಆರಿಸಲು ಕೂತಿದ್ದೆ. ದೊಡ್ಡವರಿಗೆ ಜ್ಞಾನೋದಯವಾಗಲು ಮರದ ನೆರಳು, ನದಿಯ ದಡ ಇತ್ಯಾದಿ ಸೌಕರ್ಯಗಳಿರುತ್ತವೆ. ನನ್ನ ಪಾಲಿಗೆ ಬಂದದ್ದು ಉಚಿತ ಟ್ರಯಲ್ ಅವಧಿ.

ಸಾಫ್ಟ್‌ವೇರ್ ಬೇಕೆಂದವಳು ಮಗಳು ಅನ್ನಪೂರ್ಣ. ಬಿ.ಕಾಂ. ಮುಗಿಸಿ ಕೌಂಟರಿನಲ್ಲಿ ಕೂರಲು ಶುರು ಮಾಡಿದ ದಿನದಿಂದ ಅವಳಿಗೆ ನನ್ನ ಪದ್ಧತಿಯ ಮೇಲೆ ನಂಬಿಕೆ ಇಲ್ಲ. ನನ್ನ ಪದ್ಧತಿ ಏನೆಂದರೆ — ಎಲ್ಲವೂ ತಲೆಯಲ್ಲಿ. ಈ ತಲೆಯೇ ಅಂಗಡಿಯ ರಿಜಿಸ್ಟರು ಎಂದು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದವನು ನಾನು. ಈಗ ಸಿರುಗುಪ್ಪದಲ್ಲಿ ಒಂದು ಸ್ಟೇಷನರಿ ಅಂಗಡಿಯಲ್ಲೂ ಕುರುಗೋಡಿನಲ್ಲಿ ಒಂದು ಮೊಬೈಲ್ ಅಂಗಡಿಯಲ್ಲೂ ನಮ್ಮ ಪರವಾಗಿ ಮಷಿನ್ ತೆಗೆದುಕೊಳ್ಳುತ್ತಾರೆ. ಅವು ಬಸ್ಸಿನಲ್ಲಿ ಬಳ್ಳಾರಿಗೆ ಬರುತ್ತವೆ. ಯಾವುದು ಯಾರದೆಂದು ಅವಳು ಕೇಳಿದಾಗೆಲ್ಲ ನಾನು, "ಅದು ಸಿರಿಗೇರಿ ಗೌಡ್ರದು, ಇದು ಕುಡತಿನಿ ಇಂಜಿನಿಯರ್‌ದು," ಅನ್ನುತ್ತಿದ್ದೆ.

"ಯಾವ ಗೌಡ್ರಪ್ಪ? ಸಿರಿಗೇರ್ಯಾಗ ಒಬ್ಬರ ಅದಾರೇನು ಗೌಡ್ರು?"

"ಮೀಸಿ ಗೌಡ್ರು."

"ಮೀಸಿ ಎಲ್ಲಿ ಟೈಪ್ ಮಾಡ್ಲಿ?"

ಹೀಗಾಗಿ ಗ್ರಾಹಕ ನಿರ್ವಹಣಾ ತಂತ್ರಾಂಶದ ಆಯ್ಕೆ ಎಂಬ ಮಹಾಕಾರ್ಯವನ್ನು ಕೈಗೊಂಡೆವು. ಮೂರನ್ನು ಇಳಿಸಿಕೊಂಡು ನೋಡಿದೆವು. ಮೊದಲನೆಯದು ದೊಡ್ಡ ಕಂಪನಿಗಳಿಗೆ ಮಾಡಿದ್ದು. ತೆರೆದ ಕೂಡಲೇ 'ನಿಮ್ಮ ಸೇಲ್ಸ್ ಪೈಪ್‌ಲೈನ್ ಖಾಲಿ ಇದೆ' ಎಂದಿತು. ಪೈಪ್‌ಲೈನ್ ಖಾಲಿ ಇರುವುದು ಬಳ್ಳಾರಿಯವರಿಗೆ ಹೊಸ ಸುದ್ದಿಯಲ್ಲ, ಮುಚ್ಚಿದೆವು. ಎರಡನೆಯದು ಸಣ್ಣ ರಿಪೇರಿ ಅಂಗಡಿಗೆಂದೇ ಮಾಡಿದ್ದು. ಯಾರ ಮಷಿನ್, ಯಾವ ಊರಿಂದ ಬಂತು, ಯಾರ ಮೇಜಿನ ಮೇಲಿದೆ ಎಲ್ಲ ತೋರಿಸುತ್ತಿತ್ತು. ಏನು ಕೆಟ್ಟಿತ್ತು, ಯಾಕೆ ಕೆಟ್ಟಿತು ಎಂದು ತುಂಬಬೇಕು. 'ಕಾರಣ' ಎಂಬಲ್ಲಿ ಒತ್ತಿದರೆ ಒಂದು ಪಟ್ಟಿ ಇಳಿಯುತ್ತದೆ — ವೈರಸ್, ಕರೆಂಟ್ ಏರಿಳಿತ, ನೀರು, ಧೂಳು, ಗ್ರಾಹಕರ ಅಜಾಗರೂಕತೆ. ನಮ್ಮ ಕಸುಬಿನ ಸಕಲ ವೇದಾಂತ ಅಷ್ಟರಲ್ಲೇ ಮುಗಿಯುತ್ತದೆ. ನನಗೆ ಬಹಳ ಹಿಡಿಸಿತು.

ಮೂರನೆಯದೂ ಹೆಚ್ಚುಕಡಿಮೆ ಅದೇ. ಬೆಲೆಯೂ ಅಷ್ಟೇ. ಅನ್ನಪೂರ್ಣ ಅದರ ಪಟ್ಟಿಯನ್ನು ಕೆಳಗೆ ಎಳೆದಳು.

"ಅಪ್ಪ, ಇದರಾಗ ನಮ್ಮ ತಪ್ಪಿಗೂ ಒಂದು ಜಾಗ ಐತಿ ನೋಡು."

ಕೊನೆಯ ಸಾಲು. 'ಅಂಗಡಿಯಿಂದಾದ ತಪ್ಪು.' ಆ ಸಾಲು ಆರಿಸಿದರೆ ಕೆಲಸ ಮಾಡಿದವನ ಹೆಸರು ಕೇಳುತ್ತದೆ. ಒಮ್ಮೆ ಉಳಿಸಿದರೆ ತೆಗೆಯಲು ಬರುವುದಿಲ್ಲ. ಮೇಲಿಂದ ಗಿರಾಕಿಗೆ ಮೆಸೇಜೂ ಹೋಗುತ್ತದೆ.

"ಇದು ಬ್ಯಾಡ," ಅಂದೆ.

"ಯಾಕ?"

"ನಮ್ಮ ಅಂಗಡ್ಯಾಗ ಆ ಜಾಗ ಖಾಲಿನ ಇರತೈತಿ. ಖಾಲಿ ಜಾಗಕ್ಕ ಯಾಕ ಬಾಡಿಗಿ ಕಟ್ಟೋದು?"

"ಖಾಲಿ ಇದ್ರ ಛಲೋನ ಆತಲ್ಲ. ನಿನಗೇನು ತ್ರಾಸು?"

ನಾನು ಅಕ್ಷರದ ಗಾತ್ರ ಸಣ್ಣದು, ಬಣ್ಣ ಕಣ್ಣಿಗೆ ಹೊಡೆಯುತ್ತದೆ, ಇಂಟರ್ನೆಟ್ ಹೋದರೆ ಗತಿ ಏನು ಎಂದೆಲ್ಲ ಒಂದು ಗಂಭೀರ ಉಪನ್ಯಾಸ ಕೊಟ್ಟು, ಎರಡನೆಯದೇ ಎಂದು ತೀರ್ಪಿತ್ತೆ. ಇಂಟರ್ನೆಟ್ ಹೋದರೆ ಎರಡನೆಯದಕ್ಕೂ ಅದೇ ಗತಿ. ಮಗಳಿಗೆ ಅದು ಗೊತ್ತಿತ್ತು. ಅವಳು ನನ್ನ ಮುಖವನ್ನೊಮ್ಮೆ ನೋಡಿ ಮೂರನೆಯದನ್ನು ಮುಚ್ಚಿದಳು — ಆ ನೋಟ ನನಗೆ ಸರಿಬರಲಿಲ್ಲ, ಆದರೆ ಆಗ…

ಇರಲಿ. ಹಳೆಯದನ್ನು ಹೇಳಿಬಿಡುತ್ತೇನೆ.

ವೀರೇಶ ಮತ್ತು ಮಸ್ತಾನ್ ಸಿರುಗುಪ್ಪದಲ್ಲಿ ಒಂದೇ ಬೆಂಚಿನ ಮೇಲೆ ಕೂತು ಓದಿದವರು. ಇಬ್ಬರೂ ಸೇರಿ ಜೋಡೆತ್ತು ಡಿಟಿಪಿ ಸೆಂಟರ್ ತೆರೆದರು. ಬೋರ್ಡಿನ ಮೇಲೆ ಎರಡು ಎತ್ತುಗಳ ಚಿತ್ರ. ವೀರೇಶನದು ಅಕ್ಷರದ ಕೆಲಸ, ಕನ್ನಡದಲ್ಲಿ ಲಗ್ನಪತ್ರಿಕೆ, ತೆಲುಗಿನಲ್ಲಿ ಶುಭಲೇಖ. ಮಸ್ತಾನನದು ಫೋಟೋ. ಮದುವೆಮನೆಗಳಿಗೆ ಹೋಗಿ ಫೋಟೋ ತೆಗೆದು, ಪೆನ್‌ಡ್ರೈವಿನಲ್ಲಿ ತಂದು ಆ ಕಂಪ್ಯೂಟರಿಗೆ ಹಾಕುತ್ತಿದ್ದ. ನಾಮಕರಣ, ಗೃಹಪ್ರವೇಶ, ತಿಥಿ — ಸುತ್ತಮುತ್ತಲ ಊರುಗಳ ಸುಖದುಃಖವೆಲ್ಲ ಆ ಕರಿ ಡಬ್ಬಿಯಲ್ಲಿತ್ತು. ಆ ಹಂಗಾಮಿನಲ್ಲಿ ವೀರೇಶನದೇ ಮದುವೆ ಗೊತ್ತಾಗಿತ್ತು. ಅವನ ಲಗ್ನಪತ್ರಿಕೆಯನ್ನು ಮಸ್ತಾನ್ ತಾನೇ ಕೂತು ಮಾಡುತ್ತಿದ್ದ, ದಿನಾ ಸಂಜೆ ಒಂದಿಷ್ಟು. ನನಗೂ ಒಮ್ಮೆ ತೋರಿಸಿದ್ದ. ಅಂಚಿನ ತುಂಬ ಭತ್ತದ ತೆನೆ.

ಫ್ಯಾನು ಸದ್ದು ಮಾಡುತ್ತದೆಂದು ಅವರ ಮಷಿನ್ ನನ್ನಲ್ಲಿಗೆ ಬಂತು. ಅದೇ ಬಸ್ಸಿನಲ್ಲಿ ಸಿರುಗುಪ್ಪದ ಒಂದು ಅಕ್ಕಿ ಗಿರಣಿಯ ಮಷಿನೂ ಬಂತು. ಅದರಲ್ಲಿ ವೈರಸ್ ಇತ್ತು, ಎಲ್ಲ ಅಳಿಸಿ ಹೊಸದಾಗಿ ಹಾಕಬೇಕಿತ್ತು. ಎರಡೂ ಒಂದೇ ಬಗೆಯ ಕರಿ ಡಬ್ಬಿ. ಎರಡರ ಮೇಲೂ ನಾನೇ ಸೀಮೆಸುಣ್ಣದಲ್ಲಿ 'ಸಿರುಗುಪ್ಪ' ಎಂದು ಬರೆದೆ. ಇನ್ನೇನು ಬರೆಯುವುದು — ಉಳಿದದ್ದು ತಲೆಯಲ್ಲಿತ್ತಲ್ಲ.

ತಲೆ ಎಡಗಡೆಯದು ಗಿರಣಿಯದು ಎಂದಿತು. ಅದು ಜೋಡೆತ್ತಿನದಾಗಿತ್ತು.

ಅಳಿಸಿ, ಅದರ ಮೇಲೆ ಹೊಸದು ಹಾಕಿ ಮುಗಿಸಿದ ಮೇಲೆ ಗಿರಣಿಯ ಡಬ್ಬಿ ತೆರೆದು ನೋಡುತ್ತೇನೆ, ವೈರಸ್ ಅಲ್ಲಿ ಆರಾಮಾಗಿ ಕೂತಿದೆ. ಹೋದದ್ದನ್ನು ತಿರುಗಿ ತೆಗೆಯಲು ನನಗೆ ಬಂದದ್ದೆಲ್ಲ ಮಾಡಿದೆ. ಅರ್ಧಂಬರ್ಧ ಮುಖಗಳು ಸಿಕ್ಕವು, ಹೆಸರಿಲ್ಲದವು. ತೆನೆಯ ಅಂಚು ಸಿಗಲಿಲ್ಲ.

ಮಷಿನ್ ಹೊತ್ತುಕೊಂಡು ಸಿರುಗುಪ್ಪಕ್ಕೆ ನಾನೇ ಹೋದೆ. ನಿಜ ಹೇಳಲು ಹೊರಟೆ ಎಂದು ಬರೆಯಬಹುದಿತ್ತು; ಹಾಗೆ ಹೊರಟಿರಲಿಲ್ಲ. ಸುಳ್ಳು ಬಳ್ಳಾರಿಯಲ್ಲೇ ತಯಾರಾಗಿತ್ತು. ಜೋಡೆತ್ತಿನ ಬೆಂಚಿನ ಮೇಲೆ ಗಿರಾಕಿಗಳು ಕೂತಿದ್ದರು. ವೀರೇಶ ಎದ್ದು ಬಂದ. ಮಸ್ತಾನ್ ಯಾವುದೋ ಮದುವೆಮನೆಗೆ ಹೋಗಿದ್ದ.

"ವೀರೇಶ, ವೈರಸ್ ಬಂದಿತ್ತಪ. ಎಲ್ಲಾ ತಿಂದು ಹಾಕೈತಿ," ಅಂದೆ.

ಅವನು ಮಷಿನ್ ಕಡೆ ನೋಡಿದ. ಬೆಂಚಿನಿಂದ ಒಬ್ಬ ಮುದುಕರು ತೆಲುಗಿನಲ್ಲಿ "ಮರಿ ಮಾ ಶುಭಲೇಖ?" ಎಂದು ಕೇಳಿದರು — ಹಾಗಾದರೆ ನಮ್ಮ ಪತ್ರಿಕೆ?

"ಎಲ್ಲಿಂದ ಬಂತು ಶರಣಣ್ಣ?"

ಈ ಪ್ರಶ್ನೆಗೆ ನಾನು ತಯಾರಾಗಿರಲಿಲ್ಲ. ಗೊತ್ತಿಲ್ಲ ಅನ್ನಬಹುದಿತ್ತು. ಗೊತ್ತಿಲ್ಲ ಎನ್ನುವುದು ನನ್ನ ಘನತೆಗೆ ಒಗ್ಗದ ಮಾತು.

"ಪೆನ್‌ಡ್ರೈವಿಂದ ಬಂದಿರಬೇಕು," ಅಂದೆ.

ಮಸ್ತಾನನ ಹೆಸರು ನಾನು ಹೇಳಲಿಲ್ಲ. ಬಹಳ ಕಾಲ ಇದನ್ನೇ ಒಂದು ಪುಣ್ಯದ ಹಾಗೆ ಎದೆಗೆ ಒತ್ತಿ ಇಟ್ಟುಕೊಂಡಿದ್ದೆ. ಆ ಅಂಗಡಿಯಲ್ಲಿ ಇದ್ದದ್ದು ಒಂದೇ ಪೆನ್‌ಡ್ರೈವ್.

ಅವರಿಬ್ಬರು ಗೆಳೆಯರು ಹೇಗೆ ಜಗಳವಾಡಿದರೋ, ನಾನು ನೋಡಲಿಲ್ಲ. ಮಸ್ತಾನ್ ಕುರುಗೋಡಿಗೆ ಹೋಗಿ, ಗುಡ್ಡದ ಕೆಳಗೆ ಸಣ್ಣದೊಂದು ಸ್ಟುಡಿಯೋ ಹಾಕಿದ ಎಂದು ಕೇಳಿದೆ. ವೀರೇಶನ ಲಗ್ನಪತ್ರಿಕೆ ಬೇರೆ ಯಾವುದೋ ಪ್ರೆಸ್ಸಿನಲ್ಲಿ ಸಾದಾ ಅಚ್ಚಾಯಿತು. ಮದುವೆಯ ಫೋಟೋ ತೆಗೆದವರು ಬೇರೆಯವರು. ಆ ಮದುವೆಗೆ ಹೋಗಿದ್ದೆ, ಹೌದು. ಎರಡನೇ ಪಂಕ್ತಿಯಲ್ಲಿ ಕೂತು ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಂಡೆ. ಯಾರೋ ಕ್ಯಾಮೆರಾ ಹಿಡಿದಾಗ ನಕ್ಕೆ ಕೂಡ. ಬೋರ್ಡಿನ ಮೇಲೆ ಇವತ್ತಿಗೂ ಎರಡು ಎತ್ತು ಇವೆ. ವೀರೇಶ ಒಂದನ್ನು ಬಣ್ಣ ಹಚ್ಚಿಸಿ ಅಳಿಸಲಿಲ್ಲ, ಯಾಕೆಂದು ನಾನು ಕೇಳಲಿಲ್ಲ.

ಈಗ ಸಾಫ್ಟ್‌ವೇರಿಗೆ ಬರುತ್ತೇನೆ. ಎರಡನೆಯದರಲ್ಲಿ ಹಳೆಯ ಗಿರಾಕಿಗಳ ವಿವರ ತುಂಬಲು ಅನ್ನಪೂರ್ಣ ಒಬ್ಬೊಬ್ಬರಿಗೆ ಫೋನ್ ಮಾಡುತ್ತಿದ್ದಳು. ಎರಡೂ ಕೈ ಕೀಬೋರ್ಡಿನ ಮೇಲೆ, ಫೋನು ಮೇಜಿನ ಮೇಲೆ ಸ್ಪೀಕರಿನಲ್ಲಿ. ನಾನು ಪಕ್ಕದಲ್ಲಿ ಒಂದು ಲ್ಯಾಪ್‌ಟಾಪಿನ ಹಿಂಬದಿ ಬಿಚ್ಚುತ್ತಿದ್ದೆ.

"ವೀರೇಶಣ್ಣ, ನಿಮ್ಮ ಮಷಿನ್ ಹಿಂದ ಯಾವಾಗರೆ ದೊಡ್ಡ ರಿಪೇರಿಗೆ ಬಂದಿತ್ತೇನ್ರಿ?"

ವೀರೇಶ ನಕ್ಕ. "ಒಂದ ಸಲ ಬಂದಿತ್ತು ತಂಗಿ, ಅದ ಸಾಕು. ವೈರಸ್ ಬಂದು ಎಲ್ಲಾ ಹೋತು. ನಮ್ಮ ಪಾರ್ಟ್ನರ್ ಒಬ್ಬ ಇದ್ದ, ಮಸ್ತಾನ್ ಅಂತ. ಅವನ ಪೆನ್‌ಡ್ರೈವಿಂದ. ಎಲ್ಲೆಲ್ಲೋ ಹಚ್ಚತಿದ್ದ ಅದನ್ನ. ನಿಮ್ಮಪ್ಪಾರನ ಕಂಡು ಹಿಡದ್ರು."

"ಕಾರಣ ವೈರಸ್," ಎಂದು ಹೇಳಿಕೊಳ್ಳುತ್ತ ಅವಳು ಟೈಪಿಸತೊಡಗಿದಳು. ಷರಾ ಎಂಬಲ್ಲಿ ಮಸ್ತಾನನ ಹೆಸರು ಅಕ್ಷರ ಅಕ್ಷರವಾಗಿ ಮೂಡುತ್ತಿತ್ತು. ನಾನು ಬಾಯಲ್ಲಿ ಹೇಳದೆ ಉಳಿಸಿಕೊಂಡಿದ್ದ ಹೆಸರು — ನನ್ನ ಮಗಳ ಬೆರಳಿನಲ್ಲಿ, ನನ್ನ ಅಂಗಡಿಯ ದಾಖಲೆಯಲ್ಲಿ.

ಅವಳು ಫೋನ್ ಇಟ್ಟ ಮೇಲೆ, "ಅದನ್ನ ಹಾಕಬ್ಯಾಡ," ಅಂದೆ.

"ಯಾಕ?"

"ವೈರಸ್ ಇದ್ದಿದ್ದಿಲ್ಲ."

ಎಲ್ಲ ಹೇಳಿದೆ. ಸ್ಕ್ರೂಡ್ರೈವರ್ ಕೈಯಲ್ಲೇ ಇತ್ತು. ಕೊನೆಗೆ ಪರದೆಯ ಕಡೆ ತಿರುಗಿ, "ಹಂಗಾದ್ರ ಏನು ಹಾಕ್ಲಿ? ಇದರಾಗ ಅದಕ್ಕ ಸಾಲಿಲ್ಲ," ಅಂದಳು. ನನ್ನನ್ನು ಬೈದಿದ್ದರೆ ಸುಖವಾಗಿರುತ್ತಿತ್ತು.

"ಮೂರನೇದು ತೆಗಿ," ಅಂದೆ.

ತೆಗೆದಳು. ಗ್ರಾಹಕ: ವೀರೇಶ, ಜೋಡೆತ್ತು. ಕಾರಣ: ಅಂಗಡಿಯಿಂದಾದ ತಪ್ಪು. ಕೆಲಸ ಮಾಡಿದವರು: ಶರಣಪ್ಪ. ಹೀಗೆ ನಮ್ಮ ಅಂಗಡಿಯ ಸಾಫ್ಟ್‌ವೇರ್ ಆಯ್ಕೆ ಸರ್ವಾನುಮತದಿಂದ ಮುಗಿಯಿತು.

"ಉಳಿಸು ಒತ್ತಿದ್ರ ವೀರೇಶಣ್ಣಗ ಮೆಸೇಜ್ ಹೋಗತೈತಿ. ಒತ್ತಲೇನು?"

ಒತ್ತು ಎನ್ನುವ ಆಸೆ ಬಹಳ ಇತ್ತು — ಮೆಸೇಜಿಗೆ ಮುಖ ಇರುವುದಿಲ್ಲ. ನಾನು ಇಲ್ಲಿ ಚಹಾ ಕುಡಿಯುತ್ತಿರುವಾಗ ಅದು ಅಲ್ಲಿ ಹೋಗಿ ನನ್ನ ಕೆಲಸ ಮಾಡಿ ಬರುತ್ತದೆ.

"ತಡಿ. ಮದ್ಲ ಕುರುಗೋಡಿಗೆ ಹೋಗಿ ಬರ್ತೀನಿ."

ಮಸ್ತಾನ್ ತನ್ನ ಸ್ಟುಡಿಯೋದಲ್ಲಿ ಒಬ್ಬ ರೈತರ ಪಾಸ್‌ಪೋರ್ಟ್ ಫೋಟೋಕ್ಕೆ ಕಂಪ್ಯೂಟರಿನಲ್ಲಿ ಕೋಟು ತೊಡಿಸುತ್ತಿದ್ದ. ಅವನ ಗಡ್ಡ ಅಲ್ಲಲ್ಲಿ ಬೆಳ್ಳಗಾಗಿತ್ತು. ರೈತರು ಕೋಟಿನಲ್ಲಿ ತಮ್ಮನ್ನು ತಾವು ನೋಡಿಕೊಂಡು ತೃಪ್ತರಾಗಿ ಹೋದ ಮೇಲೆ ನಾನು ನಿಂತುಕೊಂಡೇ ಹೇಳಿದೆ. ಅವನು ಮೌಸ್ ಬಿಡಲಿಲ್ಲ.

"ಆ ವಾರ ನನ್ನ ಪೆನ್‌ಡ್ರೈವ್ ಆದೋನ್ಯಾಗ ನನ್ನ ತಂಗಿ ಮನ್ಯಾಗ ಇತ್ತು ಅಣ್ಣ," ಅಂದ. "ಮರತು ಬಂದಿದ್ದೆ. ವೀರೇಶಗ ಅದನ್ನ ಹೇಳಿದೆ."

"ಅವನೇನಂದ?"

"ಶರಣಣ್ಣ ಸುಳ್ಳು ಹೇಳ್ತಾರೇನಲೇ, ಅಂದ."

ಕ್ಷಮಿಸು ಎಂಬ ಶಬ್ದ ಬಾಯಿಗೆ ಬಂತು. ಗಿರಾಕಿಗಳಿಗೆ 'ನಾಳೆ ಕೊಡ್ತೀವಿ' ಅನ್ನುವಷ್ಟೇ ಸುಲಭವಾಗಿ ಬಂದದ್ದರಿಂದ ಅದರ ಮೇಲೆ ನನಗೇ ಅನುಮಾನವಾಗಿ ನುಂಗಿಕೊಂಡೆ.

"ನನಗ್ಯಾಕ ಹೇಳಾಕ ಬಂದ್ರಿ?" ಮಸ್ತಾನ್ ಈಗ ನನ್ನ ಕಡೆ ತಿರುಗಿದ. "ನಾ ಏನೂ ಮಾಡಿದ್ದಿಲ್ಲ ಅಂತ ನನಗ ಮದ್ಲಿಂದ ಗೊತ್ತೈತಿ. ಗೊತ್ತಿಲ್ಲದಾಂವ ಅಲ್ಲಿ ಅದಾನ."

ಚಹಾ ತರಿಸಲಿಲ್ಲ. ತರಿಸಬೇಕಾಗಿಯೂ ಇರಲಿಲ್ಲ. ನಾನು ಬಾಗಿಲು ದಾಟುವಾಗ ಮಾತ್ರ, "ಅವನ ಪತ್ರಿಕಿದು ಒಂದು ಪ್ರಿಂಟ್ ನನ್ನ ಹತ್ರ ಐತಿ," ಅಂದ. "ಭತ್ತದ ತೆನಿದು. ಅಳತಿ ನೋಡಾಕ ತೆಗದಿದ್ದೆ." ಕೊಡುತ್ತೇನೆ ಅನ್ನಲಿಲ್ಲ. ನಾನೂ ಕೇಳಲಿಲ್ಲ, ಅದನ್ನು ಒಯ್ಯುವ ಕೈ ನನ್ನದಲ್ಲ.

ಸಮಜಾಯಿಷಿಗಳು ನನ್ನ ಹತ್ತಿರ ಬೇಕಾದಷ್ಟಿವೆ. ಹಂಗಾಮಿನ ಒತ್ತಡ, ಒಂದೇ ಬಗೆಯ ಡಬ್ಬಿ, ಅಂಗಡಿ ಹೊಸದು, ಹೆಸರು ಕೆಟ್ಟರೆ ಗತಿಯಿಲ್ಲ — ಎಲ್ಲವನ್ನೂ ವರ್ಷಗಟ್ಟಲೆ ಒರೆಸಿ ಹೊಳಪಿಟ್ಟಿದ್ದೇನೆ. ಒಂದನ್ನೂ ಸಿರುಗುಪ್ಪಕ್ಕೆ ಒಯ್ಯುವುದಿಲ್ಲ.

ನಾಳೆ ಬೆಳಿಗ್ಗೆಯ ಬಸ್ಸಿಗೆ ಹೋಗುತ್ತೇನೆ. ಬೆಂಚಿನ ಮೇಲೆ ಗಿರಾಕಿಗಳು ಇರುತ್ತಾರೆ, ಅವರು ಏಳುವ ತನಕ ಕಾಯುವುದಿಲ್ಲ. ಸುಳ್ಳನ್ನು ಅವರಂಥವರ ಎದುರೇ ಹೇಳಿದ್ದೆ. ವೀರೇಶ ಯಥಾಪ್ರಕಾರ "ಬರ್ರಿ ಶರಣಣ್ಣ" ಎಂದು ಕುರ್ಚಿ ಎಳೆಯುತ್ತಾನೆ. ಕೂರುವುದಿಲ್ಲ. ಹೇಳಿ ಮುಗಿಸಿ, ಅಲ್ಲಿಂದಲೇ ಅನ್ನಪೂರ್ಣಳಿಗೆ ಫೋನ್ ಮಾಡುತ್ತೇನೆ. ಅವಳು ಉಳಿಸು ಒತ್ತುತ್ತಾಳೆ. ಅವನ ಫೋನು ಅವನ ಮೇಜಿನ ಮೇಲೆಯೇ ಸದ್ದು ಮಾಡುತ್ತದೆ. ಆಮೇಲೆ ಅವನು ನನ್ನನ್ನು ಏನನ್ನುತ್ತಾನೋ ಅದು ಅವನಿಗೆ ಬಿಟ್ಟದ್ದು. ಕುರುಗೋಡಿಗೆ ಫೋನ್ ಮಾಡುತ್ತಾನೋ ಇಲ್ಲವೋ, ಅದೂ.

ಹೇಳಬೇಕಾದದ್ದನ್ನು ಬಸ್ಸಿನಲ್ಲಿ ತಿದ್ದಲು ಅವಕಾಶವಿರಬಾರದೆಂದು ಇಲ್ಲಿ ಬರೆದಿಡುತ್ತಿದ್ದೇನೆ.

ವೀರೇಶ, ವೈರಸ್ ಇದ್ದಿದ್ದಿಲ್ಲಪ. ನಾ ಇದ್ದೆ.