ಬಾಣಂತಿ ಕೋಣೆಯ ಹೊಗೆ

ಅವ್ವ ಅಗ್ಗಿಷ್ಟಿಕೆಯ ಕೆಂಡಕ್ಕೆ ಸಾಂಬ್ರಾಣಿ ಉದುರಿಸಿ ಮಂಚದ ಕೆಳಗೆ ತಳ್ಳಿದ್ದೇ ತಡ, ನನಗೆ ಉಸಿರು ಕಟ್ಟಿತು. ಬಸುರಿಯಾಗಿದ್ದಾಗ ಕೊರೊನಾ ಬಂದು, ದಿನ ತುಂಬುವ ಮೊದಲೇ ಹೆತ್ತು, ಆಕ್ಸಿಜನ್ ಮೇಲಿದ್ದು, ಅಂದಷ್ಟೇ ರಾಯದುರ್ಗದ ತವರಿಗೆ ಬಂದಿದ್ದೆ. ಅಂಗೈ ಅಗಲದ ಮಗಳು ಎದೆಗೆ ಅಂಟಿಕೊಂಡಿದ್ದಳು.

"ಬ್ಯಾಡ ಅವ್ವ, ಉಸ್ರಾಡಾಕ ಆಗವಲ್ದು," ಎಂದೆ.

"ಸುಮ್ನಿರು. ನಿನ್ನ ಹಡದಾಗ ನಮ್ಮವ್ವ ಇದಕ್ಕಿಂತ ಜಾಸ್ತಿ ಹಾಕಿದ್ಲು. ಬಾಣಂತಿಗೆ ಶೀತ ಹತ್ತಿದ್ರ ನೋಡಾಕ ಯಾರದಾರ?"

ಆಗ ಮಗು ಕೆಮ್ಮಿತು. ಕೆಮ್ಮಿ ಸುಮ್ಮನಾಯಿತು. ತುಟಿ ನೀಲಿಯಾಗಿತ್ತು. ಅವ್ವ ಮಗುವನ್ನು ಕಸಿದುಕೊಂಡು ಅಂಗಳಕ್ಕೆ ಓಡಿ ಬೆನ್ನು ತಿಕ್ಕಿದಳು. ನಾನು ಗೋಡೆ ಹಿಡಿದು ಬಾಗಿಲಿಗೆ ಬರುವಷ್ಟರಲ್ಲಿ ಅಳು ಕೇಳಿಸಿತು. ಮಗುವನ್ನು ನನ್ನ ಕೈಗಿತ್ತವಳೇ ಅಗ್ಗಿಷ್ಟಿಕೆಯನ್ನು ಹೊರಗೆಳೆದು ನೀರು ಸುರಿದಳು.

ತುಟಿ ನಿಜಕ್ಕೂ ನೀಲಿಯಾಗಿತ್ತೋ, ನನ್ನ ಭಯಕ್ಕೆ ಹಾಗೆ ಕಂಡಿತೋ, ಈಗ ಹೇಳಲಾರೆ. ಕೇಳಿದರೆ ಅವ್ವ ಮಗು ಕೆಮ್ಮಲೇ ಇಲ್ಲ ಎನ್ನುತ್ತಾಳೆ. ಮಗಳು ಈಗ ಶಾಲೆಗೆ ಹೋಗುತ್ತಾಳೆ. ಮೊನ್ನೆ ತಂಗಿ ಹೆತ್ತು ಬಂದಾಗ ಮಾತ್ರ ಅವ್ವ ಅವಳ ಕೋಣೆಯ ಕಿಟಕಿ ತೆರೆದಿಟ್ಟಳು, ಸಾಂಬ್ರಾಣಿಯ ಸುದ್ದಿಯನ್ನೇ ಎತ್ತಲಿಲ್ಲ.