ಮಾಸ್ಟರಮ್ಮನ ಹೆಬ್ಬೆರಳು

ಅಂಗಡಿಗೆ ಬರುವ ಗಿರಾಕಿಗಳೆಲ್ಲ ಅವಳನ್ನು ಮಾಸ್ಟರಮ್ಮ ಅಂತಲೇ ಕರೆಯುವುದು. ಕೋಟು ಹೊಲಿಯುವ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವವರೇ ಮಾಸ್ಟರು. ಮಿಕ್ಕವರು ಅವರು ಕತ್ತರಿಸಿ ಕೊಟ್ಟದ್ದನ್ನು ಹೊಲಿಯುವವರು, ಇಲ್ಲವೇ ಅವಳ ಗಂಡನ ಹಾಗೆ ಇಸ್ತ್ರಿ ಹಾಕುವವರು. ಗಂಡನಿಗೆ ಇದರಲ್ಲಿ ಎಳ್ಳಷ್ಟೂ ಬೇಸರವಿಲ್ಲ. ಹೊಸಬರು ಯಾರಾದರೂ ಬಂದು ಅವನನ್ನೇ ಮಾಸ್ಟರ್ ಅಂದುಬಿಟ್ಟರೆ, ಹೆಂಡತಿಯತ್ತ ಕೈ ತೋರಿಸಿ, ಮಾಸ್ಟರ್ ಅಲ್ಲಿದ್ದಾರೆ ನೋಡಿ ಎನ್ನುವುದರಲ್ಲಿ ಅವನಿಗೊಂದು ಖುಷಿ.

ಅವಳ ಕೈಚಳಕವೂ ಅಂಥದ್ದೇ. ಕತ್ತರಿಯ ಕೆಳಗಿನ ಅಲಗು ಮೇಜು ಬಿಡದ ಹಾಗೆ, ಕೋಟಿನ ಅಂಚಿನಿಂದ ಕಂಕುಳವರೆಗೆ ಒಂದೇ ಓಟ. ನಡುವೆ ನಿಲ್ಲಿಸಿದರೆ ಬಟ್ಟೆಯ ಅಂಚಿಗೆ ಗರಗಸದ ಹಾಗೆ ಹಲ್ಲು ಮೂಡುತ್ತದೆ. ಅವಳು ಕತ್ತರಿಸಿದ ಬಟ್ಟೆಯಲ್ಲಿ ಅಂಥ ಹಲ್ಲನ್ನು ಯಾರೂ ಕಂಡವರಿಲ್ಲ.

ಅಂಥವಳು ಒಂದು ದಿನ ನೀರಿನ ಬಾಟಲಿಯ ಮುಚ್ಚಳ ತಿರುಗಿಸಲಾಗದೆ ಅದನ್ನು ಗಂಡನ ಕೈಗೆ ಕೊಟ್ಟಳು. ಅವಳ ಬಲಗೈ ಹೆಬ್ಬೆರಳ ಬುಡದ ಕೀಲು ಸವೆದುಹೋಗಿತ್ತು. ಪಟ್ಟಿ ಕಟ್ಟಿದ್ದಾಯಿತು, ಮಾತ್ರೆ ನುಂಗಿದ್ದಾಯಿತು, ಕೀಲಿಗೇ ಇಂಜೆಕ್ಷನ್ ಹಾಕಿಸಿದ್ದಾಯಿತು. ನೋವು ಜಪ್ಪಯ್ಯ ಅಂದರೂ ಬಿಡಲಿಲ್ಲ. ಕೊನೆಗೆ ಗಂಡ ಹೆಂಡಿರಿಬ್ಬರೂ ಕೈಯ ಆಪರೇಷನ್ ಮಾಡುವ ಡಾಕ್ಟರಮ್ಮನ ಮುಂದೆ ಕೂತರು. ಮಾಸ್ಟರಮ್ಮ ಕೇಳಿದ್ದು ಒಂದೇ ಮಾತು, ಮತ್ತೆ ಕತ್ತರಿ ಹಿಡಿಯಬಹುದಾ ಎಂದು.

ಡಾಕ್ಟರಮ್ಮ ಅವಸರಪಡಲಿಲ್ಲ. ಕತ್ತರಿಯನ್ನು ಹೇಗೆ ಹಿಡಿಯುತ್ತೀರಿ, ಎಷ್ಟು ಅಗಲಿಸುತ್ತೀರಿ ಎಂದು ಮಾಡಿ ತೋರಿಸಲು ಹೇಳಿ, ಆಮೇಲೆ ಇರುವ ದಾರಿಗಳನ್ನು ಬಿಡಿಸಿಟ್ಟರು. ಕೀಲಿನ ಎರಡು ಮೂಳೆಗಳನ್ನು ಬೆಸೆದುಬಿಟ್ಟರೆ ಹಿಡಿತ ಗಟ್ಟಿ, ಆದರೆ ಬುಡ ಅಲ್ಲಾಡುವುದಿಲ್ಲ, ಹೆಬ್ಬೆರಳು ಮೊದಲಿನಷ್ಟು ಅಗಲಕ್ಕೆ ಚಾಚುವುದಿಲ್ಲ. ಕೃತಕ ಕೀಲು ಕೂರಿಸಿದರೆ ಕೈ ಬೇಗ ಕೆಲಸಕ್ಕೆ ಬರುತ್ತದೆ, ಆದರೆ ಮುಂದೆಂದಾದರೂ ಕಳಚಿಕೊಂಡರೆ ಇನ್ನೊಂದು ಆಪರೇಷನ್. ಹಳೆಯ ದಾರಿಯೆಂದರೆ ಸವೆದ ಆ ಪುಟ್ಟ ಮೂಳೆಯನ್ನೇ ತೆಗೆದುಬಿಡುವುದು. ಕೆಲವರು ಆ ಜಾಗಕ್ಕೆ ಮುಂಗೈಯ ಸ್ನಾಯುವಿನ ಹುರಿಯೊಂದನ್ನು ತಂದು ಕಟ್ಟುತ್ತಾರೆ, ಕಟ್ಟಿದ್ದರಿಂದ ಹೆಚ್ಚಿನ ಲಾಭವೇನೂ ಕಂಡಿಲ್ಲವಂತೆ. ಮೂಳೆ ತೆಗೆದರೆ ಬೆರಳು ಆಡುತ್ತದೆ, ನೋವು ಬಹುಮಟ್ಟಿಗೆ ಹೋಗುತ್ತದೆ. ಬಲ ಸ್ವಲ್ಪ ಕಡಿಮೆಯಾಗಬಹುದು, ಕೈ ಪಳಗಲು ತಿಂಗಳುಗಟ್ಟಲೆ ಬೇಕು. ಕತ್ತರಿ ಹಿಡಿಯುತ್ತೀರೆಂಬ ನಂಬಿಕೆ ಇದೆ, ಆದರೆ ಮಾತು ಕೊಡಲಾರೆ ಎಂದರು.

ಮನೆಗೆ ಬಂದವಳು ಕೃತಕ ಕೀಲಿನ ಮಾತೇ ಬೇಡ, ಬೆಸೆಯುವುದೇ ಸರಿ ಎಂದು ಪಟ್ಟು ಹಿಡಿದಳು. ತುಂಡು ತೆಗೆದ ಕಡೆ ಬಟ್ಟೆ ಸುಕ್ಕುಗಟ್ಟುತ್ತದೆ, ಗಟ್ಟಿ ಹೊಲಿಗೆ ಹಾಕಿದರೆ ಇದ್ದಲ್ಲೇ ಇರುತ್ತದೆ ಎನ್ನುವುದು ಅವಳ ವಾದ. ತನ್ನ ಮೂಳೆಯನ್ನೂ ಬಟ್ಟೆಯೆಂದು ತಿಳಿಯುವ ಎಡವಟ್ಟು ದರ್ಜಿಗಳಲ್ಲದೆ ಇನ್ಯಾರು ಮಾಡಿಯಾರು? ಹೆಂಡತಿಗೆ ಎದುರಾಡಿ ಅಭ್ಯಾಸವಿಲ್ಲದ ಗಂಡ ಅಂದು ಮಾತ್ರ ಸುಮ್ಮನಿರಲಿಲ್ಲ. ಗೂಟದಲ್ಲಿ ತೂಗುತ್ತಿದ್ದ ತನ್ನ ಕೋಟನ್ನು ತಂದು ಅವಳ ಮುಂದೆ ಹಿಡಿದ.

"ಕಂಕುಳ ಹತ್ರ ಯಾಕೆ ಸಡಿಲ ಬಿಡ್ತೀಯ?"

"ಬಿಡದೇ ಇದ್ರೆ ಕೈ ಎತ್ತೋಕಾಗುತ್ತೇನ್ರೀ?"

"ಹಂಗಾದ್ರೆ ನಿನ್ನ ಬೆರಳಿಗೂ ಒಂಚೂರು ಜಾಗ ಬಿಡು."

ಅವಳು ಕೋಟನ್ನು ಅವನ ಕೈಯಿಂದ ಕಿತ್ತುಕೊಂಡು, ಕಾಲರಿಗೆ ಇಸ್ತ್ರಿ ಸರಿಯಾಗಿ ಬಿದ್ದಿಲ್ಲ ಎಂದು ಬೈದಳು. ಒಪ್ಪಿದಳೆಂದು ಅವನಿಗೆ ಅಷ್ಟರಲ್ಲೇ ತಿಳಿಯಿತು. ಸ್ವಲ್ಪ ದಿನದಲ್ಲೇ ಮೂಳೆ ತೆಗೆಸಿಕೊಂಡಳು.

ಆಮೇಲಿನದ್ದು ಹೇಳಿದಷ್ಟು ಸುಲಭವಿರಲಿಲ್ಲ. ಕತ್ತರಿ ಅಂಗಡಿಯಲ್ಲೇ ಹೊಲಿಯುತ್ತಿದ್ದ ಸೊಸೆಯ ಕೈಗೆ ಹೋಯಿತು. ಮಾಸ್ಟರಮ್ಮ ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ನೋಡುತ್ತ ಕೂರುತ್ತಿದ್ದಳು. ಪಟ್ಟಿ ಬಿಚ್ಚಿದ ಮೇಲೆ ಮೆತ್ತನೆ ಚೆಂಡು ಹಿಸುಕಿದಳು, ಹಳೆ ಪೇಪರ್ ಕತ್ತರಿಸಿದಳು, ನಿಧಾನಕ್ಕೆ ತೆಳು ಲೈನಿಂಗ್ ಬಟ್ಟೆಗೆ ಬಂದಳು. ಕೆಲವೊಮ್ಮೆ ಬೆರಳು ಮಾತು ಕೇಳದೆ ಕತ್ತರಿ ಕೈಜಾರಿ ನೆಲಕ್ಕೆ ಬೀಳುತ್ತಿತ್ತು. ಯಾರೂ ಎತ್ತಿಕೊಡುವ ಹಾಗಿಲ್ಲ, ತಾನೇ ಬಗ್ಗಿ ಎತ್ತಬೇಕು. ಆಗೆಲ್ಲ ಗಂಡ ತಲೆ ಎತ್ತದೆ ಇಸ್ತ್ರಿ ತಿಕ್ಕುತ್ತಿದ್ದ.

ಒಂದು ಬೆಳಿಗ್ಗೆ ಬ್ಯಾಂಡ್ ವಾದ್ಯದವರ ಕೋಟುಗಳಿಗೆಂದು ಕಂಬಳಿಯಷ್ಟು ದಪ್ಪನೆಯ ಬಟ್ಟೆ ಬಂತು. ಸೊಸೆ ಕತ್ತರಿಗೆ ಕೈ ಹಾಕುವಷ್ಟರಲ್ಲಿ ಮಾಸ್ಟರಮ್ಮ ಅದನ್ನು ತನ್ನತ್ತ ಎಳೆದುಕೊಂಡಳು. ಹೊಲಿಗೆ ಯಂತ್ರಗಳು ಒಂದೊಂದಾಗಿ ನಿಂತವು. ಕತ್ತರಿ ಬಾಯಿ ತೆರೆಯಿತು, ಅಗಲವಾಗಿಯೇ ತೆರೆಯಿತು. ಅಲಗು ಅಂಚಿನಿಂದ ಹೊರಟಿತು. ಹಿಂದಿನ ವೇಗವೇನೋ ಇರಲಿಲ್ಲ, ಆದರೆ ನಿಲ್ಲಲಿಲ್ಲ. ಸೊಂಟ ದಾಟಿ ಕಂಕುಳ ತಿರುವಿಗೆ ಬಂದಾಗ ಅವಳು ಹಲ್ಲು ಕಚ್ಚಿದಳು. ಕೈ ತಿರುಗಿತು, ತುಂಡು ಬೇರೆಯಾಗಿ ಬಂತು. ಸೊಸೆ ಅಂಚಿನ ಉದ್ದಕ್ಕೂ ಬೆರಳಾಡಿಸಿ, "ಅತ್ತೆ, ನುಣ್ಣಗಿದೆ" ಎಂದಳು.

ಗಂಡನಿಗೆ ಹೆಮ್ಮೆಯಿಂದ ಎದೆ ತುಂಬಿ ಬಂತು. ಇವಳು ನನ್ನ ಹೆಂಡತಿ ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿಬಿಡೋಣ ಅನ್ನಿಸಿತು. ಅಷ್ಟರಲ್ಲಿ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ನೋಡುತ್ತಾನೆ, ಇಸ್ತ್ರಿಪೆಟ್ಟಿಗೆಯ ಕೆಳಗೆ ಹೊಸ ಕೋಟಿನ ತೋಳು ಕರಕಲು. ಸಿಕ್ಕಿಬಿದ್ದ ಕಳ್ಳನಂತೆ ಹೆಂಡತಿಯ ಮುಖ ನೋಡಿದ.

ಮಾಸ್ಟರಮ್ಮ ಹತ್ತಿರ ಬಂದು ತೋಳನ್ನು ಹಿಂದೆ ಮುಂದೆ ತಿರುಗಿಸಿದಳು. ಬೈಯಲಿಲ್ಲ.

"ಬಿಡ್ರೀ, ಒಂದು ತೋಳು ತಾನೇ," ಎಂದಳು. "ನಾನು ಕತ್ತರಿಸಿ ಕೊಡ್ತೀನಿ."