ಬೆನ್ನು ತೆಗೆಯುವ ಫೋಟೋಗ್ರಾಫರ್

ನಮ್ಮ ಬೀದಿಯ ಮೂಲೆಯಲ್ಲಿ ಫೋಟೋ ಸ್ಟುಡಿಯೋ ಇಟ್ಟಿರುವವರನ್ನು ಎಲ್ಲರೂ ಕರಿಕನ್ನಡಕ ಎಂದೇ ಕರೆಯುತ್ತಾರೆ. ಅರವತ್ತು ದಾಟಿದರೂ ಮೂಗಿನ ಮೇಲಿನ ಕಪ್ಪು ಕನ್ನಡಕ ಇಳಿದಿಲ್ಲ. ಮಂಕು ದೀಪದ ಒಳಕೋಣೆಯಲ್ಲೂ ಅದನ್ನು ಹಾಕಿಕೊಂಡೇ ಓಡಾಡಿ, ಸ್ಟೂಲು ಎಡವಿ, ಮೊಣಕಾಲು ಉಜ್ಜಿಕೊಳ್ಳುತ್ತಾರೆ. ಇದಕ್ಕೆಲ್ಲ ಕಾರಣ, ಕಾಲೇಜಿನಲ್ಲಿದ್ದಾಗ ಒಂದು ಸಿನಿಮಾ ಕ್ಲಬ್ಬಿನಲ್ಲಿ ನೋಡಿದ ಅರವತ್ತರ ದಶಕದ ಯುರೋಪಿನ ಚಿತ್ರಗಳು. ಅವುಗಳಲ್ಲಿ ಗಂಡಸರು ಬಿಗಿಯಾದ ಕೋಟು ತೊಟ್ಟು, ತುಟಿಯಲ್ಲಿ ಸಿಗರೇಟಿಟ್ಟುಕೊಂಡು ಗೋಡೆಗೆ ಒರಗಿರುತ್ತಾರೆ. ಹೆಂಗಸರು ಕಿಟಕಿಯಾಚೆ ನೋಡುತ್ತಾರೆ, ಏನು ಕೇಳಿದರೂ ಉತ್ತರ ಕೊಡುವುದಿಲ್ಲ. ಕೊನೆಗೆ ಯಾರಾದರೊಬ್ಬರು ಕಾರು ಹತ್ತಿ ಹೊರಟುಬಿಡುತ್ತಾರೆ. ಎಲ್ಲಿಗೆ ಹೋದರು ಎಂದು ಕೇಳಿದರೆ ಕರಿಕನ್ನಡಕದವರು ಮರುಕದ ನಗೆ ನಗುತ್ತಾರೆ. ಅವರಿಗೂ ಅದು ಗೊತ್ತಿಲ್ಲ ಎಂಬುದು ಅವರ ಹೆಂಡತಿಯ ಅಭಿಪ್ರಾಯ.

ನೋಡಿದ್ದನ್ನು ನೋಡಿ ಬಿಟ್ಟಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ಅವರು ಅದನ್ನು ಹೊಟ್ಟೆಪಾಡಿಗೂ ತಂದುಕೊಂಡರು. ಯಾರೂ ಕ್ಯಾಮೆರಾ ನೋಡಕೂಡದು ಎಂಬುದು ಸ್ಟುಡಿಯೋದ ನಿಯಮ. ಗುರುತಿನ ಚೀಟಿಗೆ ಫೋಟೋ ಬೇಕೆಂದು ಬಂದ ಲಾರಿ ಡ್ರೈವರನನ್ನು ಓರೆಯಾಗಿ ಕೂರಿಸಿ, ಯಾರೋ ನಿಮ್ಮನ್ನು ಬಿಟ್ಟುಹೋದರು ಎಂದುಕೊಳ್ಳಿ ಅನ್ನುತ್ತಿದ್ದರು. ಕಚೇರಿಯವರು ಆ ಫೋಟೋ ವಾಪಸು ಕಳಿಸುತ್ತಿದ್ದರು. ದೇವರು ಕಣ್ಣು ಮೂಗುಗಳನ್ನು ಮುಂದಕ್ಕೇ ಇಟ್ಟದ್ದು ಯಾಕೆಂದು ಅವರಿಗೆ ಹೇಳುವವರು ಇರಲಿಲ್ಲ. ಗಂಡ ಟೀ ಕುಡಿಯಲು ಹೋದಾಗ ಹೆಂಡತಿಯೇ ಅಂಥ ಗಿರಾಕಿಗಳನ್ನು ಮತ್ತೆ ಕೂರಿಸಿ, ನೆಟ್ಟಗೆ ಒಂದು ಫೋಟೋ ತೆಗೆದುಕೊಡುತ್ತಿದ್ದಳು. ಅಂಗಡಿ ನಡೆಯುತ್ತಿದ್ದದ್ದು ಹಾಗೆ.

ಆಕೆಗೆ ಇದ್ದವನು ಒಬ್ಬನೇ ಅಣ್ಣ. ತಂದೆ ತಾಯಿ ಹೋದ ಮೇಲೆ ತವರು ಎಂದರೆ ಅವನೇ. ನೀರಿನ ಪೈಪುಗಳ ಸಗಟು ವ್ಯಾಪಾರಿ; ದೊಡ್ಡ ದನಿ, ದೊಡ್ಡ ಹೊಟ್ಟೆ. ಒಂದು ಸಂಜೆ ಕರಿಕನ್ನಡಕದವರು ಅವನನ್ನೂ ನಾಲ್ಕು ನೆಂಟರನ್ನೂ ಮನೆಗೆ ಕರೆದು ತಮ್ಮ ಮೆಚ್ಚಿನ ಚಿತ್ರ ಹಾಕಿದರು. ನಾಯಕಿ ಸಮುದ್ರ ನೋಡತೊಡಗಿದ ಸ್ವಲ್ಪ ಹೊತ್ತಿಗೆ ಅಣ್ಣ ಗೊರಕೆ ಹೊಡೆದ. ಇವರು ಚಿತ್ರ ನಿಲ್ಲಿಸಿ, ಅವನನ್ನು ಅಲುಗಾಡಿಸಿ ಎಬ್ಬಿಸಿ, ಎಲ್ಲರೆದುರು ಅಂದರು: "ಭಾವ, ನಿಮ್ಮ ಪೈಪಿಗೂ ನಿಮಗೂ ವ್ಯತ್ಯಾಸ ಇಲ್ಲ. ಏನು ಬಿಟ್ರೂ ಆ ಕಡೆಯಿಂದ ಹೊರಗೆ ಹೋಗುತ್ತೆ."

ಅಣ್ಣ ಚಪ್ಪಲಿ ಮೆಟ್ಟಿಕೊಂಡು ಹೋದವನು ವರ್ಷಗಟ್ಟಲೆ ಆ ಮನೆಯ ಕಡೆ ತಲೆ ಹಾಕಲಿಲ್ಲ. ತಂಗಿಗೆ ಫೋನೂ ಇಲ್ಲ.

ಕೊನೆಗೆ ಅವನ ಮಗಳ ಮದುವೆ ನಿಶ್ಚಯವಾಯಿತು. ಮಗಳು ಹಟ ಹಿಡಿದದ್ದಕ್ಕೋ, ಕರುಳು ಕೇಳದ್ದಕ್ಕೋ, ಅವನೇ ಫೋನ್ ಮಾಡಿ, ಮದುವೆಯ ವಿಡಿಯೋ ಭಾವನೇ ಮಾಡಲಿ ಎಂದ. ಆ ರಾತ್ರಿ ಹೆಂಡತಿ ಗಂಡನ ಕನ್ನಡಕವನ್ನು ತಾನೇ ತೆಗೆದು ಮೇಜಿನ ಮೇಲಿಟ್ಟಳು.

"ಎಲ್ರ ಮುಖ ಬರಲಿ ರೀ. ಅಣ್ಣನ ಮುಖ ಮೊದಲು ಬರಲಿ. ನಾನು ಇನ್ನೇನೂ ಕೇಳಲ್ಲ."

ಆಗಲಿ ಎಂದು ತಲೆಯಾಡಿಸಿದರು. ಮದುವೆಯ ದಿನ ಬೆಳಿಗ್ಗೆಯಿಡೀ ಮಾತು ಉಳಿಸಿಕೊಂಡರು ಕೂಡ. ಆದರೆ ಆ ಮದುವೆ ಛತ್ರದಲ್ಲಿ ಸುತ್ತಿ ಇಳಿಯುವ ಮೆಟ್ಟಿಲಿತ್ತು, ಉದ್ದನೆಯ ಖಾಲಿ ಓಣಿಯಿತ್ತು. ಅಲ್ಲಿಗೆ ಕೊಟ್ಟ ಮಾತಿನ ಕಥೆ ಮುಗಿಯಿತು.

ವಿಡಿಯೋ ಸಿದ್ಧವಾದಾಗ ಅಣ್ಣ ನೆಂಟರನ್ನೆಲ್ಲ ತನ್ನ ಮನೆಗೆ ಕರೆದ. ದೀಪ ಆರಿತು. ತೆರೆಯ ಮೇಲೆ ಕಪ್ಪುಬಿಳುಪಿನಲ್ಲಿ ಒಂದು ಮೆಟ್ಟಿಲು ಬಂತು, ಬಹಳ ಹೊತ್ತು ಇತ್ತು. ಆಮೇಲೆ ಚಪ್ಪಲಿಗಳ ರಾಶಿ. ಆಮೇಲೆ ಕಿಟಕಿಯಾಚೆ ನೋಡುವ ಮದುಮಗಳು. ಬಲವಂತದ ಮದುವೆಯೇನೋ ಎಂದು ಗಂಡಿನ ಕಡೆಯವರು ಮುಖ ಮುಖ ನೋಡಿಕೊಂಡರು. ಇದು ಯಾರ ಮದುವೆ ಎಂದು ಒಬ್ಬ ಅಜ್ಜಿ ಮೆಲ್ಲನೆ ವಿಚಾರಿಸಿದಳು. ಕೊನೆಗೆ ಅಣ್ಣ ಬಂದ. ಅಂದರೆ ಅವನ ಬೆನ್ನು ಬಂತು, ಕೈತೊಳೆಯುವ ತೊಟ್ಟಿಯ ಮೇಲೆ ಬಗ್ಗಿಕೊಂಡು. ಕತ್ತಿನ ಹಿಂಭಾಗ ತೆರೆಯ ತುಂಬ ನಿಂತಿತು.

ದೀಪ ಹತ್ತಿತು. ಅಣ್ಣ ಇವರ ಕಡೆ ತಿರುಗಿದ.

"ಭಾವ, ನನ್ನ ಮುಖ ಎಲ್ಲಿ?"

"ಮುಖ ಯಾರು ಬೇಕಾದ್ರೂ ತೆಗೀತಾರೆ. ನಿಮ್ಮ ಕತ್ತಿನ ಹಿಂದೆ ಒಂದು ಒಂಟಿತನ ಇದೆ ಭಾವ, ಅದನ್ನ ಹಿಡಿದಿದ್ದೀನಿ."

"ಕತ್ತಿನ ಹಿಂದೆ ಇರೋದು ಬೆವರುಸಾಲೆ," ಎಂದ ಅಣ್ಣ. ಎದ್ದು ಒಳಗೆ ಹೋದ. ಊಟ ಮಾಡಿ ಹೋಗು ಎಂದು ತಂಗಿಗೆ ಹೇಳಲಿಲ್ಲ.

ಮನೆಗೆ ಬಂದು ಆಕೆ ಕೇಳಿದ್ದು ಒಂದೇ: ಮದುವೆಯ ಬೆಳಿಗ್ಗೆ ತೆಗೆದ ಮುಖಗಳೆಲ್ಲ ಎಲ್ಲಿ? ಅಳಿಸಿಬಿಟ್ಟೆ, ಎಲ್ಲರೂ ಕ್ಯಾಮೆರಾ ನೋಡಿ ಹಲ್ಲು ಕಿರಿದಿದ್ದರು ಎಂದರು ಗಂಡ. ಆಕೆ ಅಳಲೂ ಇಲ್ಲ, ಕೂಗಾಡಲೂ ಇಲ್ಲ. ಮರುದಿನ ಅಣ್ಣನಿಗೆ ಫೋನ್ ಮಾಡಿ, ಮದುವೆಯ ಬಟ್ಟೆಯಲ್ಲೇ ಎಲ್ಲರೂ ಭಾನುವಾರ ಸ್ಟುಡಿಯೋಗೆ ಬರಬೇಕು ಎಂದಳು.

"ತೆಗೆಯೋರು ಯಾರು?"

"ನಾನು."

ಬಂದರು. ಪಕ್ಕದ ಹೋಟೆಲಿನಿಂದ ಬೆಂಚು ತರಿಸಿದ್ದಾಯಿತು. ಅಣ್ಣನನ್ನು ನಡುವೆ ಕೂರಿಸಿದಳು. ಬೆಳಕು ಇಷ್ಟೊಂದು ಬೇಡ, ನೆರಳೇ ಇಲ್ಲವಲ್ಲ ಎಂದು ಗಂಡ ಹಿಂದಿನಿಂದ ಗೊಣಗುತ್ತಿದ್ದರು. ಕನ್ನಡಕ ತೆಗೆದು ಅಣ್ಣನ ಹಿಂದೆ ನಿಂತುಕೊಳ್ಳಿ ಎಂದಳು. ಅದೇ ಮೊದಲು ನೆಂಟರೆಲ್ಲ ಅವರ ಕಣ್ಣು ನೋಡಿದ್ದು. ನಿದ್ದೆಯಿಂದ ಎಬ್ಬಿಸಿದ ಮಗುವಿನಂತೆ ಪಿಳಿಪಿಳಿ ಅನ್ನುತ್ತಿದ್ದವು. ನಾಚಿಕೆಗೋ ಚಾಳಿಗೋ ಮುಖವನ್ನು ಪಕ್ಕಕ್ಕೆ ತಿರುಗಿಸಿದರು. ಆಕೆ ಗುಂಡಿ ಒತ್ತದೆ ಕಾದಳು.

ಅಣ್ಣ ಕೂತಲ್ಲಿಂದಲೇ ತಿರುಗಿ, ಪೈಪು ಎತ್ತಿ ಎತ್ತಿ ಒರಟಾದ ಕೈಯಿಂದ ಅವರ ಗದ್ದ ಹಿಡಿದು ನೆಟ್ಟಗೆ ಮಾಡಿದ.

"ಇಲ್ನೋಡಿ ಭಾವ. ಇನ್ನೇನು ಮುಗೀತು."

ಫೋಟೋದಲ್ಲಿ ಯಾವ ಕಲೆಯೂ ಇಲ್ಲ. ಎಲ್ಲರೂ ಬೆದರಿದವರಂತೆ ನೇರವಾಗಿ ನೋಡುತ್ತಿದ್ದಾರೆ. ಅಣ್ಣನ ಹಲ್ಲು ಒಂದೂ ಬಿಡದೆ ಬಂದಿದೆ. ಅವನು ಅದನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ಮಾಡಿ ನೋಡಿದ. ಚಿತ್ರಕ್ಕೆ ಆಳವೇ ಇಲ್ಲ ಎಂದು ಕರಿಕನ್ನಡಕದವರು ಪಕ್ಕದಲ್ಲಿ ಹೇಳುತ್ತಲೇ ಇದ್ದರು, ಅವನ ಕಿವಿಗೆ ಅದು ಬೀಳಲಿಲ್ಲ. ಲಕೋಟೆಯಲ್ಲಿಟ್ಟು ಜೇಬಿಗೆ ಸೇರಿಸಿದ.

"ಪುಟ್ಟಿ, ಬರೋ ಭಾನುವಾರ ಊಟಕ್ಕೆ ಬಾ," ಎಂದು ತಂಗಿಗೆ ಹೇಳಿದ. ಬಾಗಿಲ ತನಕ ಹೋದವನು ತಿರುಗಿದ. "ಭಾವನ್ನೂ ಕರ್ಕೊಂಡು ಬಾ. ಕ್ಯಾಮೆರಾ ಇಲ್ಲೇ ಇರಲಿ."